ಚೆನ್ನೈ ನಗರದಲ್ಲಿ ಕಾನೂನು, ಮಾನವಿಕ ಹಾಗೂ ಸಮಾಜ ವಿಜ್ಞಾನಗಳ ವ್ಯಾಸಂಗ: ಕನ್ನಡ ಕುಟುಂಬಗಳಿಗೊಂದು ಪರಿಚಯ

ಪ್ರತಿ ವರ್ಷ ಹನ್ನೆರಡನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ಈ ನಗರದ ಕನ್ನಡ ಮನೆಗಳಲ್ಲಿ ಸಮಾಲೋಚನೆ ಆರಂಭವಾಗುತ್ತದೆ. ಬಹುಮಟ್ಟಿಗೆ ಅದು ಎರಡು ಮೂರು ದಾರಿಗಳಲ್ಲಿಯೇ ಮುಗಿದುಹೋಗುತ್ತದೆ: ಇಂಜಿನಿಯರಿಂಗ್, ವೈದ್ಯಕೀಯ, ಅವೆರಡೂ ಇಲ್ಲವಾದರೆ ಲೆಕ್ಕಪರಿಶೋಧನೆ. ಕಾನೂನು, ಇತಿಹಾಸ, ಸಾಹಿತ್ಯ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಮೊದಲಾದವುಗಳ ಮಾತು ಬಂದರೆ 'ಅಂಕ ಸಾಲದವರು ಓದುವ ವಿಷಯ' ಎಂಬ ಭಾವನೆ ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಆದರೆ ಮದ್ರಾಸು ಪಟ್ಟಣಕ್ಕೂ ಕನ್ನಡಿಗರಿಗೂ ನಡುವಣ ವಿದ್ಯಾಸಂಬಂಧವು ಬೆಳೆದದ್ದು ಮುಖ್ಯವಾಗಿ ಈ ವಿಷಯಗಳ ಮೂಲಕವೇ ಎಂಬುದನ್ನು ಹೊಸ ತಲೆಮಾರಿನ ಪೋಷಕರಲ್ಲಿ ಅನೇಕರು ಅರಿಯರು.

ಈ ಲೇಖನದಲ್ಲಿ ನಾವು ಆ ಸಂಬಂಧದ ಹಿನ್ನೆಲೆಯನ್ನು ಸಂಕ್ಷೇಪವಾಗಿ ತಿಳಿಸಿ, ಇಂದು ಈ ವಿಷಯಗಳನ್ನು ಓದಬಯಸುವ ಮಕ್ಕಳಿಗೆ ತೆರೆದಿರುವ ದಾರಿಗಳನ್ನು ವಿವರಿಸಲಿದ್ದೇವೆ. ಇದರ ಜೊತೆಗೆ ಒಂದು ಮಾತನ್ನು ಪೋಷಕರ ಗಮನಕ್ಕೆ ತರಬಯಸುತ್ತೇವೆ. ಈ ಎಲ್ಲ ವಿಷಯಗಳ ಮೂಲ ಸಾಮಗ್ರಿ ಭಾಷೆ. ಚೆನ್ನೈಯಲ್ಲಿ ಬೆಳೆಯುವ ಕನ್ನಡದ ಮಗುವಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ತಾನಾಗಿಯೇ ದೊರೆಯುತ್ತವೆ. ಇಂತಹ ಅನುಕೂಲ ಬೆಂಗಳೂರಿನ ವಿದ್ಯಾರ್ಥಿಗೂ ಸುಲಭವಾಗಿ ಸಿಕ್ಕದು. ಆದರೆ ಮನೆಯ ಕನ್ನಡವು ನಾಲಗೆಯಲ್ಲಷ್ಟೇ ಉಳಿದು, ಕಣ್ಣಿಗೂ ಕೈಗೂ ಇಳಿಯದೆ ಹೋದರೆ ಆ ಅನುಕೂಲದ ಬಹುಪಾಲು ವ್ಯರ್ಥವಾಗುತ್ತದೆ.

ಹಳೆಯ ನಂಟು

ಮದ್ರಾಸು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1857ರಲ್ಲಿ. ಅದಕ್ಕೂ ಮೊದಲೇ, 1840ರಲ್ಲಿ, ಇಂದಿನ ಪ್ರೆಸಿಡೆನ್ಸಿ ಕಾಲೇಜಿನ ಮೂಲಸಂಸ್ಥೆ ಹುಟ್ಟಿತ್ತು. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಗುವವರೆಗೆ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳೂ ಮದ್ರಾಸು ವಿಶ್ವವಿದ್ಯಾನಿಲಯಕ್ಕೇ ಸಂಯೋಜಿತವಾಗಿದ್ದವು. ಎಂದರೆ ಸಂಸ್ಥಾನದಲ್ಲಿ ಓದಿದವರ ಪದವಿಪತ್ರವೂ ಮದ್ರಾಸಿನದಾಗಿತ್ತು.

ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು, ಕೊಳ್ಳೇಗಾಲ ತಾಲೂಕು ಇವುಗಳಂತೂ ನೇರವಾಗಿ ಮದ್ರಾಸು ಪ್ರಾಂತ್ಯದಲ್ಲಿಯೇ ಇದ್ದವು. ಬಳ್ಳಾರಿ ಜಿಲ್ಲೆಯ ಬಹುಭಾಗ 1953ರಲ್ಲಿಯೂ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರಲ್ಲಿಯೂ ಮೈಸೂರು ರಾಜ್ಯವನ್ನು ಸೇರಿದವು. ಕಾಸರಗೋಡು ಕೇರಳದ ಪಾಲಾಯಿತು. ಅಲ್ಲಿಯವರೆಗೆ ಮಂಗಳೂರಿನ ನ್ಯಾಯಾಲಯದ ಮೇಲ್ಮನವಿಗಳು 1862ರಲ್ಲಿ ಸ್ಥಾಪನೆಯಾದ ಮದ್ರಾಸು ಉಚ್ಚ ನ್ಯಾಯಾಲಯಕ್ಕೆ ಬರುತ್ತಿದ್ದವು. ಕಕ್ಷಿದಾರರ ಹಿಂದೆ ವಕೀಲರು, ವಕೀಲರ ಹಿಂದೆ ವಿದ್ಯಾರ್ಥಿಗಳು ಈ ಪಟ್ಟಣಕ್ಕೆ ಬಂದರು.

ಹಾಗೆ ಬಂದವರ ಹೆಸರುಗಳನ್ನು ನೋಡಿದರೆ ಇತಿಹಾಸದ ಒಂದು ಪುಟವೇ ತೆರೆದುಕೊಳ್ಳುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇಂಗ್ಲಿಷ್ ಎಂ.ಎ. ಪದವಿ ಪಡೆದದ್ದು 1914ರಲ್ಲಿ, ಮದ್ರಾಸು ವಿಶ್ವವಿದ್ಯಾನಿಲಯದಿಂದ. ಬಿ.ಎಂ. ಶ್ರೀಕಂಠಯ್ಯನವರು ಬಿ.ಎಲ್. ಮತ್ತು ಎಂ.ಎ. ಪದವಿಗಳೆರಡನ್ನೂ ಪಡೆದದ್ದು ಇಲ್ಲಿಂದಲೇ. ಮಂಜೇಶ್ವರದ ಗೋವಿಂದ ಪೈಗಳು ಬಿ.ಎ. ವ್ಯಾಸಂಗಕ್ಕೆ ಮದ್ರಾಸಿಗೆ ಬಂದು, ತಂದೆಯ ನಿಧನದ ಕಾರಣ ಅದನ್ನು ಪೂರೈಸದೆ ಊರಿಗೆ ಮರಳಿದರು. ಅವರಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಬಿರುದನ್ನು ನೀಡಿದ್ದು ಮದ್ರಾಸು ಸರ್ಕಾರವೇ. ಮಂಗಳೂರಿನವರಾದ ಬೆನಗಲ್ ನರಸಿಂಗ ರಾಯರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಕೇಂಬ್ರಿಜ್‌ಗೆ ತೆರಳಿದರು. 1946ರಿಂದ ಸಂವಿಧಾನ ಸಭೆಯ ಸಲಹೆಗಾರರಾಗಿ, 1947ರ ಅಕ್ಟೋಬರಿನಲ್ಲಿ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಈ ನಗರದ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದಿ, ಮುಂದೆ ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಅಭ್ಯಸಿಸಿದರು. 1926ರಲ್ಲಿ ಮದ್ರಾಸು ಶಾಸನ ಪರಿಷತ್ತಿನ ಚುನಾವಣೆಗೆ ನಿಂತು ಕೆಲವೇ ಮತಗಳಿಂದ ಸೋತರಾದರೂ, ಆ ಸ್ಪರ್ಧೆ ಭಾರತೀಯ ಮಹಿಳೆಯರ ಪಾಲಿಗೆ ಹೊಸ ಬಾಗಿಲೊಂದನ್ನು ತೆರೆಯಿತು.

ಕಾನೂನು ವ್ಯಾಸಂಗ

ವಕೀಲರಾಗಬಯಸುವವರಿಗೆ ಎರಡು ಮಾರ್ಗಗಳಿವೆ. ಹನ್ನೆರಡನೆಯ ತರಗತಿಯ ನಂತರ ಐದು ವರ್ಷಗಳ ಸಂಯುಕ್ತ ಪದವಿ ಒಂದು. ಯಾವುದಾದರೂ ಪದವಿಯ ನಂತರ ಮೂರು ವರ್ಷಗಳ ಎಲ್‌ಎಲ್.ಬಿ. ಮತ್ತೊಂದು. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಸಾಮಾನ್ಯ ವರ್ಗದವರು ಅರ್ಹತಾ ಪರೀಕ್ಷೆಯಲ್ಲಿ ಕನಿಷ್ಠ ಶೇಕಡಾ 45, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಶೇಕಡಾ 40 ಅಂಕ ಗಳಿಸಿರಬೇಕು. ಅಂಚೆ ಶಿಕ್ಷಣದ ಮೂಲಕ ಪಡೆದ ಕಾನೂನು ಪದವಿಯಿಂದ ವಕೀಲಿ ವೃತ್ತಿಗೆ ನೋಂದಾಯಿಸಿಕೊಳ್ಳಲಾಗದು ಎಂಬುದನ್ನು ಪೋಷಕರು ವಿಶೇಷವಾಗಿ ಗಮನಿಸಬೇಕು.

ಚೆನ್ನೈಯ ಹಳೆಯ ಕಾನೂನು ಕಾಲೇಜು 1891ರಲ್ಲಿ ಸ್ಥಾಪಿತವಾಯಿತು. ಉಚ್ಚ ನ್ಯಾಯಾಲಯದ ಆವರಣದ ಕೆಂಪು ಕಟ್ಟಡದಲ್ಲಿ ಒಂದು ಶತಮಾನಕ್ಕೂ ಮೀರಿ ನಡೆದ ಈ ಕಾಲೇಜು, 1990ರಲ್ಲಿ ಡಾ. ಅಂಬೇಡ್ಕರ್ ಸರ್ಕಾರಿ ಕಾನೂನು ಕಾಲೇಜೆಂದು ಹೆಸರು ಪಡೆಯಿತು. 2018ರಲ್ಲಿ ನಗರದ ಹೊರವಲಯದ ಪಟ್ಟರೈಪೆರುಂಬುದೂರು ಹಾಗೂ ಪುದುಪಾಕ್ಕಂ ಎಂಬ ಎರಡು ಸ್ಥಳಗಳಿಗೆ ಅದು ವರ್ಗವಾಯಿತು. ನಿತ್ಯವೂ ಮನೆಯಿಂದ ಹೋಗಿಬರುವ ಉದ್ದೇಶವಿದ್ದವರು ಈ ದೂರವನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. 1997ರಿಂದ ಕಾರ್ಯನಿರ್ವಹಿಸುತ್ತಿರುವ ತಮಿಳುನಾಡು ಡಾ. ಅಂಬೇಡ್ಕರ್ ಕಾನೂನು ವಿಶ್ವವಿದ್ಯಾನಿಲಯವು ತನ್ನದೇ ಆದ 'ಸ್ಕೂಲ್ ಆಫ್ ಎಕ್ಸಲೆನ್ಸ್' ಎಂಬ ಶಾಲೆಯನ್ನು ನಡೆಸುತ್ತಿದೆ. ಈ ವಿಶ್ವವಿದ್ಯಾನಿಲಯದ ಐದು ವರ್ಷಗಳ ಪದವಿಗಳಿಗೆ ಪ್ರವೇಶ ದೊರೆಯುವುದು ಹನ್ನೆರಡನೆಯ ತರಗತಿಯ ಅಂಕಗಳ ಆಧಾರದ ಮೇಲೆ.

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾನಿಲಯಗಳಿಗೆ ಸೇರಬೇಕಾದರೆ 'ಕ್ಲಾಟ್' ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು. ತಮಿಳುನಾಡಿನಲ್ಲಿ ಇಂತಹ ಸಂಸ್ಥೆ ಇರುವುದು ತಿರುಚಿರಾಪಳ್ಳಿಯಲ್ಲಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಕಡೆಗೆ ನಮ್ಮವರ ಒಲವು ಸಹಜವಾಗಿಯೇ ಹೆಚ್ಚು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಪ್ರಚಲಿತವಾಗಿದೆ. ಕರ್ನಾಟಕದವರಿಗೆ ಮೀಸಲಾದ ಸ್ಥಾನಗಳು ಕನ್ನಡ ಮಾತೃಭಾಷೆಯವರಿಗೆಲ್ಲ ದೊರೆಯುತ್ತವೆಂದು ಕೆಲವರು ನಂಬಿದ್ದಾರೆ. ಕರ್ನಾಟಕ ಸರ್ಕಾರ 2020ರಲ್ಲಿ ತಂದ ತಿದ್ದುಪಡಿಯು ಕರ್ನಾಟಕದಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದಂತೆ ಓದಿದವರನ್ನು ಆ ವರ್ಗಕ್ಕೆ ಸೇರಿಸಿತ್ತು. ಆ ತಿದ್ದುಪಡಿಯನ್ನು ಉಚ್ಚ ನ್ಯಾಯಾಲಯ ಅದೇ ವರ್ಷ ರದ್ದುಪಡಿಸಿತು. ಆ ಮೇಲೆ ವಿಶ್ವವಿದ್ಯಾನಿಲಯ ತಾನಾಗಿಯೇ ಅಂತಹ ವ್ಯವಸ್ಥೆಯನ್ನು ಕೈಗೊಂಡಿತು. ಯಾವ ಸಂದರ್ಭದಲ್ಲಿಯೂ ಅಳತೆಗೋಲು ಓದಿದ ಊರೇ ಹೊರತು ಮನೆಮಾತಲ್ಲ. ಚೆನ್ನೈಯಲ್ಲಿ ಓದಿದ ನಮ್ಮ ಮಕ್ಕಳು ಸಾಮಾನ್ಯ ಸ್ಪರ್ಧೆಗೆ ಸಿದ್ಧರಾಗಿರಬೇಕು.

ಪದವಿ ಮುಗಿದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿ, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ನೋಂದಣಿ ಶುಲ್ಕವು ಶಾಸನದಲ್ಲಿ ನಿಗದಿಯಾದ 750 ರೂಪಾಯಿಗಳನ್ನು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿಗಳನ್ನು ಮೀರಬಾರದೆಂದು ಸರ್ವೋಚ್ಚ ನ್ಯಾಯಾಲಯ 2024ರ ಜುಲೈ ತಿಂಗಳಲ್ಲಿ ತೀರ್ಪು ನೀಡಿದೆ. ಕೆಳಹಂತದ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವಕೀಲಿ ಅನುಭವ ಬೇಕೆಂಬ ನಿಯಮವನ್ನು ಅದೇ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಮರಳಿ ವಿಧಿಸಿತು. ಕಾನೂನು ಓದಿದೊಡನೆ ನ್ಯಾಯಾಧೀಶರಾಗಬಹುದೆಂಬ ಎಣಿಕೆ ಇಟ್ಟುಕೊಂಡವರು ಇದನ್ನು ಗಮನದಲ್ಲಿಡಬೇಕು.

ಕಾನೂನಿನಲ್ಲಿ ಕನ್ನಡದ ಪ್ರಯೋಜನ

ಕನ್ನಡ ಬಲ್ಲ ವಕೀಲರಿಗೆ ಚೆನ್ನೈಯಲ್ಲಿ ಏನು ಕೆಲಸ ಎಂದು ಕೇಳುವವರಿದ್ದಾರೆ. ನಮ್ಮ ಮನೆಗಳನ್ನೇ ನೋಡೋಣ. ಉಡುಪಿ, ಕುಂದಾಪುರ, ಮೈಸೂರು, ಕಾಸರಗೋಡು ಮೊದಲಾದ ಕಡೆಗಳಲ್ಲಿ ಹಿರಿಯರ ಆಸ್ತಿಯಿರುವ ಕುಟುಂಬಗಳು ಅನೇಕ. ಪೆಟ್ಟಿಗೆಯಲ್ಲಿರುವ ಕ್ರಯಪತ್ರ, ವಿಭಾಗಪತ್ರ, ಪಹಣಿ ಇವನ್ನು ಓದಿ ಅರ್ಥ ಹೇಳಬಲ್ಲ ಕಿರಿಯರು ಮನೆಯಲ್ಲಿ ಇಲ್ಲದಿರುವುದರಿಂದ ಸಣ್ಣ ಪ್ರಶ್ನೆಗೂ ಊರಿಗೆ ಓಡಬೇಕಾಗುತ್ತದೆ. ಹಳೆಯ ಪತ್ರಗಳಲ್ಲಿ ಬರುವ ಮೂಲಗೇಣಿ, ಚಾಲಗೇಣಿ ಎಂಬ ಪದಗಳ ಹಿಂದೆ ಕರಾವಳಿಯ ಭೂಸಂಬಂಧಗಳ ಒಂದು ಲೋಕವೇ ಅಡಗಿದೆ. ಮೂಲಗೇಣಿಯವನ ಹಕ್ಕು ಶಾಶ್ವತ, ಚಾಲಗೇಣಿಯವನದು ಕಾಲಮಿತಿಯದು. ಈ ಒಂದು ವ್ಯತ್ಯಾಸವನ್ನು ಅವಲಂಬಿಸಿ ಎಷ್ಟೋ ವ್ಯಾಜ್ಯಗಳು ಮದ್ರಾಸಿನವರೆಗೂ ಬಂದಿವೆ.

ಕರಾವಳಿಯ ಅಳಿಯಸಂತಾನ ಪದ್ಧತಿಯೂ ಅಷ್ಟೇ. ಸೋದರಳಿಯನ ಮೂಲಕ ಅಲ್ಲ, ವಾಸ್ತವವಾಗಿ ಹೆಣ್ಣುಮಕ್ಕಳ ಸಂತತಿಯ ಮೂಲಕ ಕುಟುಂಬದ ಆಸ್ತಿ ಸಾಗುವ ಈ ಪದ್ಧತಿಯನ್ನು ಕ್ರಮಬದ್ಧಗೊಳಿಸಿದ ಶಾಸನವು 1949ರ ಮದ್ರಾಸು ಅಳಿಯಸಂತಾನ ಕಾಯಿದೆ. ಅದು ರೂಪುಗೊಂಡದ್ದು ಈ ನಗರದ ಶಾಸನಸಭೆಯಲ್ಲಿ. ಅದಕ್ಕೆ ಹಿಂದಿನ ತೀರ್ಪುಗಳು ತುಂಬಿರುವುದು ಮದ್ರಾಸು ಉಚ್ಚ ನ್ಯಾಯಾಲಯದ ವರದಿಗಳಲ್ಲಿ. ಕನ್ನಡ, ತುಳು ಬಲ್ಲ ಕಾನೂನು ವಿದ್ಯಾರ್ಥಿಗೆ ಸಂಶೋಧನೆಯ ವಿಷಯ ಮನೆಬಾಗಿಲಲ್ಲಿಯೇ ಇದೆ.

ತಮಿಳುನಾಡಿನ ಕೆಳಹಂತದ ನ್ಯಾಯಾಲಯಗಳಲ್ಲಿ ತಮಿಳಿಗೂ ಕರ್ನಾಟಕದ ಕೆಳಹಂತದ ನ್ಯಾಯಾಲಯಗಳಲ್ಲಿ ಕನ್ನಡಕ್ಕೂ ಸ್ಥಾನವಿದೆ. ಹೊಸೂರು, ತಾಳವಾಡಿ ಮೊದಲಾದ ಗಡಿ ಪ್ರದೇಶಗಳಲ್ಲಿ ಕಕ್ಷಿದಾರನ ಮಾತು ಒಂದು, ದಾಖಲೆಯ ಲಿಪಿ ಮತ್ತೊಂದು ಆಗಿರುವುದುಂಟು. ಎರಡನ್ನೂ ಓದಬಲ್ಲ ವಕೀಲರು ಅಂತಹ ಕಡೆ ದುಭಾಷಿಯ ಹಂಗಿಲ್ಲದೆ ಕೆಲಸ ಮಾಡಬಲ್ಲರು.

ಭಾಷೆಯ ಪ್ರಶ್ನೆಯೇ ನ್ಯಾಯಾಲಯದ ಮೆಟ್ಟಿಲೇರಿದ ನಿದರ್ಶನವೂ ಈ ನಗರದಲ್ಲಿದೆ. 2008ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರ ಕನ್ನಡ ಮತ್ತು ತೆಲುಗುಗಳಿಗೆ ಶಾಸ್ತ್ರೀಯ ಭಾಷೆಯ ಸ್ಥಾನವನ್ನು ಘೋಷಿಸಿತು. ಅದನ್ನು ಪ್ರಶ್ನಿಸಿದ ಅರ್ಜಿ ಮದ್ರಾಸು ಉಚ್ಚ ನ್ಯಾಯಾಲಯದಲ್ಲಿ ಹಲವು ವರ್ಷ ಉಳಿದು, 2016ರ ಆಗಸ್ಟಿನಲ್ಲಿ ತಳ್ಳಿಹೋಯಿತು. ಕನ್ನಡದ ಪ್ರಾಚೀನತೆಯನ್ನು ನಿರ್ಧರಿಸುವ ಚರ್ಚೆ ಹಲ್ಮಿಡಿಯಿಂದ ದೂರದಲ್ಲಿ, ಇಲ್ಲಿನ ಸಮುದ್ರತೀರದ ಸಮೀಪದಲ್ಲಿ ನಡೆಯಿತು.

ಒಂದು ಮಠ, ಒಬ್ಬ ನ್ಯಾಯಮೂರ್ತಿ

ಮದ್ರಾಸಿನಲ್ಲಿ ಕಾನೂನು ಓದಿದ ಕನ್ನಡಿಗರ ಪೈಕಿ ಕಾರ್ಕಳ ತಾಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆಯವರ ಬದುಕನ್ನು ನಮ್ಮ ಯುವಕ ಯುವತಿಯರು ತಿಳಿಯಬೇಕು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಮತ್ತು ಕಾನೂನು ಕಾಲೇಜುಗಳಲ್ಲಿ ಓದಿದ ಅವರು ಮುಂದೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು.

1970ರಲ್ಲಿ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು, ಕೇರಳದ ಭೂಸುಧಾರಣಾ ಶಾಸನಗಳಿಂದ ಮಠದ ಭೂಮಿಗೆ ಒದಗಿದ ಸಂಕಟವನ್ನು ಮುಂದಿಟ್ಟು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಹದಿಮೂರು ನ್ಯಾಯಮೂರ್ತಿಗಳ ಪೀಠ ಅದನ್ನು 68 ದಿನ ಆಲಿಸಿತು. 1973ರ ಏಪ್ರಿಲ್ 24ರಂದು ಏಳು ಮತ್ತು ಆರರ ಬಹುಮತದಿಂದ ಹೊರಬಿದ್ದ ತೀರ್ಪು, ಸಂಸತ್ತು ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲ ಸ್ವರೂಪವನ್ನು ಕೆಡಿಸಲಾಗದೆಂದು ಸಾರಿತು. ಬಹುಮತದ ಏಳು ಮಂದಿಯಲ್ಲಿ ಹೆಗ್ಡೆಯವರೂ ಒಬ್ಬರು. ಅದರ ಬೆನ್ನಿಗೇ ಸರ್ಕಾರವು ಸೇವಾಹಿರಿತನದಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಎಂಬ ಮೂವರನ್ನು ಬದಿಗಿರಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಗಳನ್ನಾಗಿ ನೇಮಿಸಿತು. ಮೂವರೂ ರಾಜೀನಾಮೆ ನೀಡಿದರು. ಹೆಗ್ಡೆಯವರು 1977ರಲ್ಲಿ ಲೋಕಸಭೆಗೆ ಆರಿಸಿಬಂದು ಅದರ ಅಧ್ಯಕ್ಷರಾದರು.

ಗಡಿನಾಡಿನ ಒಂದು ಕನ್ನಡ ಮಠ ತಂದ ದಾವೆಯ ಹೆಸರು ಇಂದು ಭಾರತದ ಪ್ರತಿಯೊಂದು ಕಾನೂನು ತರಗತಿಯಲ್ಲಿಯೂ ಕೇಳಿಬರುತ್ತದೆ. ಕಾನೂನು ಓದುವುದೆಂದರೆ ಕಪ್ಪು ಕೋಟಿನ ಸಂಪಾದನೆಗೆ ಸಿದ್ಧವಾಗುವುದಷ್ಟೇ ಎಂದು ತಿಳಿದವರಿಗೆ ಈ ಪ್ರಸಂಗ ಸಾಕಷ್ಟು ಉತ್ತರ ನೀಡೀತು.

ಮಾನವಿಕ ವಿಷಯಗಳು

ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರಗಳಲ್ಲಿ ಪದವಿ ನೀಡುವ ಪ್ರತಿಷ್ಠಿತ ಕಾಲೇಜುಗಳು ಈ ನಗರದಲ್ಲಿ ಹೇರಳವಾಗಿವೆ. ಪ್ರೆಸಿಡೆನ್ಸಿ, ಮದ್ರಾಸು ಕ್ರಿಶ್ಚಿಯನ್, ಕ್ವೀನ್ ಮೇರೀಸ್, ವಿಮೆನ್ಸ್ ಕ್ರಿಶ್ಚಿಯನ್, ಲಯೋಲಾ, ಸ್ಟೆಲ್ಲಾ ಮೇರೀಸ್, ಎತಿರಾಜ್ ಮೊದಲಾದವು ಎಲ್ಲರಿಗೂ ಪರಿಚಿತ. ಪದವಿ ತರಗತಿಗಳಲ್ಲಿ ಮೊದಲನೆಯ ಭಾಗವಾಗಿ ತಮಿಳು ಅಥವಾ ಬೇರೊಂದು ಭಾಷೆಯನ್ನು ಆರಿಸಿಕೊಳ್ಳಬೇಕಾಗುತ್ತದೆ. ಆ ಭಾಷೆಯಾಗಿ ಕನ್ನಡ ದೊರೆಯುವುದು ಈಗ ವಿರಳ. ಅರ್ಜಿ ಹಾಕುವ ಮೊದಲೇ ವಿಚಾರಿಸುವುದು ಕ್ಷೇಮ. ಶಾಲೆಯಲ್ಲಿ ತಮಿಳು ಓದದವರಿಗೆ ಪ್ರಾಥಮಿಕ ತಮಿಳಿನ ಪಾಠ ಪದವಿಯ ಭಾಗವಾಗಿ ಇರುತ್ತದೆ. ಅದನ್ನು ಹೊರೆಯೆಂದು ಭಾವಿಸದೆ ಶ್ರದ್ಧೆಯಿಂದ ಕಲಿಯಬೇಕೆಂಬುದು ನಮ್ಮ ಸಲಹೆ.

ಕನ್ನಡದ ಉನ್ನತ ವ್ಯಾಸಂಗಕ್ಕೆ ಮದ್ರಾಸು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗವಿದೆ. ಈ ವಿಭಾಗದ ಪರಂಪರೆ ಅಸಾಮಾನ್ಯವಾದುದು. ಕನ್ನಡದ ಲಭ್ಯ ಮೊದಲ ಗ್ರಂಥವಾದ ಕವಿರಾಜಮಾರ್ಗದ ಒಂದು ಮುಖ್ಯ ಆವೃತ್ತಿಯನ್ನು ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರ್ಯರು ಸಂಪಾದಿಸಿದರು. 1930ರಲ್ಲಿ ಅದನ್ನು ಈ ವಿಶ್ವವಿದ್ಯಾನಿಲಯ ಪ್ರಕಟಿಸಿತು. ಕಿಟ್ಟೆಲ್ಲರು 1894ರಲ್ಲಿ ಹೊರತಂದ ಕನ್ನಡ ಇಂಗ್ಲಿಷ್ ನಿಘಂಟನ್ನು ಪರಿಷ್ಕರಿಸಿ, ವಿಸ್ತರಿಸಿ, ನಾಲ್ಕು ಸಂಪುಟಗಳಲ್ಲಿ 1968ರಿಂದ 1971ರ ಅವಧಿಯಲ್ಲಿ ಸಿದ್ಧಗೊಳಿಸಿದವರು ಎಂ. ಮರಿಯಪ್ಪ ಭಟ್ಟರು. ಅವರೂ ಎ. ಶಂಕರ ಕೆದಿಲಾಯರೂ ಕೂಡಿ ರಚಿಸಿದ ತುಳು ಇಂಗ್ಲಿಷ್ ನಿಘಂಟು 1967ರಲ್ಲಿ ಇಲ್ಲಿಂದಲೇ ಪ್ರಕಟವಾಯಿತು. ಕನ್ನಡ ನಾಡಿನ ಹೊರಗೆ ಕನ್ನಡಕ್ಕೆ ಇಷ್ಟು ಕೆಲಸ ಮಾಡಿದ ವಿಶ್ವವಿದ್ಯಾನಿಲಯಗಳು ಕೆಲವೇ. ವಿದ್ಯಾರ್ಥಿಗಳು ಬಂದರೆ ಮಾತ್ರ ವಿಭಾಗ ಉಳಿದೀತು. ಚೆನ್ನೈಯಲ್ಲಿ ನೆಲೆಸಿದ ನಾವು ಹಬ್ಬ ಉತ್ಸವಗಳಿಗೆ ತೋರುವ ಉತ್ಸಾಹದ ಒಂದು ಪಾಲನ್ನು ಇದಕ್ಕೂ ತೋರಬೇಕಾಗಿದೆ.

ಇತಿಹಾಸದ ವಿದ್ಯಾರ್ಥಿಗೆ ಎಗ್ಮೋರಿನ ತಮಿಳುನಾಡು ಪತ್ರಾಗಾರ ಒಂದು ಗಣಿ. ಮದ್ರಾಸು ಪ್ರಾಂತ್ಯದ ಆಡಳಿತ ದಾಖಲೆಗಳು ಅಲ್ಲಿ ಸಂಗ್ರಹವಾಗಿರುವುದರಿಂದ ದಕ್ಷಿಣ ಕನ್ನಡ ಮತ್ತು ಬಳ್ಳಾರಿಗಳ ಹಳೆಯ ಚರಿತ್ರೆಯನ್ನು ಬರೆಯುವವರು ಇಲ್ಲಿಗೆ ಬರಲೇಬೇಕು. ಟಿಪ್ಪುವಿನ ಪತನಾನಂತರ, 1799ರಲ್ಲಿ, ಕೆನರಾದ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋನ ಕಾಲದಿಂದ ಆ ಜಿಲ್ಲೆಯ ಆಡಳಿತ ಮದ್ರಾಸಿನೊಡನೆ ಪತ್ರವ್ಯವಹಾರ ನಡೆಸಿತು. 1869ರಲ್ಲಿ ಸ್ಥಾಪಿತವಾದ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಕನ್ನಡದ ಓಲೆಗರಿಗಳೂ, ಕರ್ನಲ್ ಮೆಕೆಂಝಿ ಊರೂರಿನಿಂದ ಬರೆಯಿಸಿ ತರಿಸಿದ ಕೈಫಿಯತ್ತುಗಳೂ ಇವೆ. ದಕ್ಷಿಣ ಭಾರತದ ಶಾಸನಗಳ ಮಾಲೆಯ ಒಂಬತ್ತನೆಯ ಸಂಪುಟ ಪೂರ್ತಿಯಾಗಿ ಮದ್ರಾಸು ಪ್ರಾಂತ್ಯದಲ್ಲಿ ದೊರೆತ ಕನ್ನಡ ಶಾಸನಗಳಿಗೆ ಮೀಸಲಾಗಿದೆ. ಇವನ್ನು ಓದಲು ಹಳಗನ್ನಡದ ಪರಿಚಯ ಬೇಕು; ಅದಕ್ಕೂ ಮೊದಲು ಅಕ್ಷರಜ್ಞಾನ ಬೇಕು.

ಎರಡು ಭಾಷೆಗಳ ನಡುವೆ ಬೆಳೆದವರು ಏನನ್ನು ಸಾಧಿಸಬಲ್ಲರೆಂಬುದಕ್ಕೆ ಎ.ಕೆ. ರಾಮಾನುಜನ್ ಅವರೇ ನಿದರ್ಶನ. 1929ರಲ್ಲಿ ಮೈಸೂರಿನ ತಮಿಳು ಮನೆಯೊಂದರಲ್ಲಿ ಹುಟ್ಟಿದ ಅವರಿಗೆ ಹೊರಗಿನ ಭಾಷೆ ಕನ್ನಡವಾಗಿತ್ತು. ಅವರು ಸಂಗಂ ಕಾಲದ ತಮಿಳು ಕವನಗಳನ್ನು 1967ರಲ್ಲಿಯೂ, ಕನ್ನಡದ ವಚನಗಳನ್ನು 1973ರಲ್ಲಿಯೂ ಇಂಗ್ಲಿಷಿಗೆ ತಂದು ಜಗತ್ತಿನ ಮುಂದಿಟ್ಟರು. ಕನ್ನಡದಲ್ಲಿ ಸ್ವತಃ ಕವಿಗಳಾದರು. ನಮ್ಮ ಮಕ್ಕಳ ಸ್ಥಿತಿ ಇದರ ಪ್ರತಿಬಿಂಬ: ಒಳಗೆ ಕನ್ನಡ, ಹೊರಗೆ ತಮಿಳು. ಈ ನಗರದಲ್ಲಿಯೇ ಇರುವ ಕೇಂದ್ರೀಯ ಶಾಸ್ತ್ರೀಯ ತಮಿಳು ಸಂಸ್ಥೆ ತಿರುಕ್ಕುರಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಹೊರತಂದಿದೆ. ಅನುವಾದದ ಕ್ಷೇತ್ರದಲ್ಲಿ ಕೆಲಸವಿದೆ. ಎರಡೂ ಭಾಷೆಗಳನ್ನು ಆಳವಾಗಿ ಬಲ್ಲವರ ಕೊರತೆಯಿದೆ.

ಸಮಾಜ ವಿಜ್ಞಾನಗಳು

ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಮಾನವಶಾಸ್ತ್ರ, ಅಪರಾಧಶಾಸ್ತ್ರ ಈ ಎಲ್ಲಕ್ಕೂ ಮದ್ರಾಸು ವಿಶ್ವವಿದ್ಯಾನಿಲಯದಲ್ಲಿ ಪ್ರತ್ಯೇಕ ವಿಭಾಗಗಳಿವೆ. ಮಾಲ್ಕಂ ಆದಿಶೇಷಯ್ಯನವರು 1971ರಲ್ಲಿ ಅಡಯಾರಿನಲ್ಲಿ ಸ್ಥಾಪಿಸಿದ ಮದ್ರಾಸು ಅಭಿವೃದ್ಧಿ ಅಧ್ಯಯನ ಸಂಸ್ಥೆ ಸಂಶೋಧನೆಗೆ ಹೆಸರಾಗಿದೆ. ತಾಂತ್ರಿಕ ವ್ಯಾಸಂಗಕ್ಕಷ್ಟೇ ಪ್ರಸಿದ್ಧವೆಂದು ನಮ್ಮವರು ತಿಳಿದಿರುವ ಐ.ಐ.ಟಿ. ಮದ್ರಾಸು 2006ರಲ್ಲಿ ಹನ್ನೆರಡನೆಯ ತರಗತಿಯ ನಂತರದ ಐದು ವರ್ಷಗಳ ಎಂ.ಎ. ಆರಂಭಿಸಿತ್ತು. 2023ರಿಂದ ಆ ಪ್ರವೇಶ ನಿಂತು, ಪದವಿಯ ನಂತರದ ಎರಡು ವರ್ಷಗಳ ಎಂ.ಎ. ಅದರ ಸ್ಥಾನದಲ್ಲಿ ಬಂದಿದೆ. ಹಳೆಯ ಮಾಹಿತಿಯನ್ನು ನಂಬಿ ಹನ್ನೆರಡನೆಯ ತರಗತಿಯಲ್ಲಿಯೇ ಅದಕ್ಕೆ ತಯಾರಿ ನಡೆಸುವುದು ಬೇಡ.

ಈ ವಿಷಯಗಳು ನಮ್ಮ ಬದುಕಿಗೆ ಎಷ್ಟು ಹತ್ತಿರವೆಂಬುದನ್ನು ಕಾವೇರಿಯ ಉದಾಹರಣೆಯಿಂದ ತಿಳಿಯಬಹುದು. ನೀರಿನ ವಿವಾದ ಉಲ್ಬಣಿಸಿದಾಗಲೆಲ್ಲ ಚೆನ್ನೈಯ ಕನ್ನಡಿಗರಿಗೂ ಬೆಂಗಳೂರಿನ ತಮಿಳರಿಗೂ ಒಂದೇ ಬಗೆಯ ಆತಂಕ. ಆ ದಿನಗಳಲ್ಲಿ ಎರಡೂ ಕಡೆ ಕೂಗು ಕೇಳಿಬರುತ್ತದೆ. ದಾಖಲೆಯನ್ನು ಓದಿದವರು ವಿರಳ. 1892 ಮತ್ತು 1924ರಲ್ಲಿ ಮೈಸೂರು ಸಂಸ್ಥಾನವೂ ಮದ್ರಾಸು ಸರ್ಕಾರವೂ ಮಾಡಿಕೊಂಡ ಒಪ್ಪಂದಗಳು, 1990ರಲ್ಲಿ ರಚನೆಯಾದ ನ್ಯಾಯಮಂಡಳಿ, 2007ರ ಫೆಬ್ರವರಿ 5ರ ಅದರ ಅಂತಿಮ ತೀರ್ಪು, 2018ರ ಫೆಬ್ರವರಿ 16ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಇವು ಈ ಚರಿತ್ರೆಯ ಮೈಲಿಗಲ್ಲುಗಳು. ನ್ಯಾಯಮಂಡಳಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270 ಟಿ.ಎಂ.ಸಿ. ಅಡಿ ಹಂಚಿತ್ತು. ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪಾಲಿಗೆ 14.75 ಸೇರಿಸಿ 284.75 ಮಾಡಿತು, ತಮಿಳುನಾಡಿನ ಪಾಲು 404.25ಕ್ಕೆ ಇಳಿಯಿತು. ಬೆಂಗಳೂರಿನ ಕುಡಿಯುವ ನೀರಿನ ಅಗತ್ಯ, ತಮಿಳುನಾಡಿನ ಅಂತರ್ಜಲ ಇವೆರಡೂ ಆ ಲೆಕ್ಕದಲ್ಲಿ ಗಣನೆಗೆ ಬಂದವು.

ಇದನ್ನು ಅರಿಯಲು ಕಾನೂನು, ಇತಿಹಾಸ, ಅರ್ಥಶಾಸ್ತ್ರ, ಭೂಗೋಳ ನಾಲ್ಕೂ ಬೇಕು. ಮಂಡ್ಯದ ರೈತನ ಮಾತನ್ನು ಕನ್ನಡದಲ್ಲಿಯೂ ತಂಜಾವೂರಿನ ರೈತನ ಮಾತನ್ನು ತಮಿಳಿನಲ್ಲಿಯೂ ನೇರವಾಗಿ ಕೇಳಿ ಬರೆಯಬಲ್ಲ ಸಂಶೋಧಕ ಎಲ್ಲಿಂದ ಬರಬೇಕು? ನಮ್ಮಂತಹ ಮನೆಗಳಿಂದಲೇ ಬರಬೇಕಲ್ಲವೇ?

ಜೀವನೋಪಾಯದ ಪ್ರಶ್ನೆ

ಪೋಷಕರ ಆತಂಕವನ್ನು ನಾವು ಲಘುವಾಗಿ ಕಾಣುವುದಿಲ್ಲ. ವಕೀಲಿ ವೃತ್ತಿಯ ಮೊದಲ ಕೆಲವು ವರ್ಷಗಳ ಗಳಿಕೆ ಅಲ್ಪ. ಸಂಶೋಧನೆಯ ದಾರಿ ದೀರ್ಘ. ಕಾಲೇಜು ಅಧ್ಯಾಪಕರಾಗಲು ಎಂ.ಎ. ಸಾಲದು, ನೆಟ್ ಪರೀಕ್ಷೆಯ ಉತ್ತೀರ್ಣತೆ ಅಥವಾ ಪಿಎಚ್.ಡಿ. ಬೇಕು. ಮನೆಯ ಆರ್ಥಿಕ ಸ್ಥಿತಿ ಇದನ್ನು ತಾಳಬಲ್ಲುದೇ ಎಂದು ಮಗ ಮಗಳೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಬೇಕು.

ಆದರೆ ಭಾಷೆ ತಿಳಿದವರಿಗೆ ತೆರೆಯುವ ಕೆಲವು ಬಾಗಿಲುಗಳನ್ನೂ ಹೇಳಬೇಕು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ ಭಾರತೀಯ ಭಾಷೆಯ ಒಂದು ಕಡ್ಡಾಯ ಪತ್ರಿಕೆಯಿದೆ. 300 ಅಂಕಗಳ ಆ ಪತ್ರಿಕೆಯಲ್ಲಿ ಶೇಕಡಾ 25 ಗಳಿಸದಿದ್ದರೆ ಉಳಿದ ಉತ್ತರಪತ್ರಿಕೆಗಳು ಗಣನೆಗೆ ಬಾರವು. ಚೆನ್ನೈಯ ವಿದ್ಯಾರ್ಥಿಯೂ ಅದಕ್ಕೆ ಕನ್ನಡವನ್ನು ಆರಿಸಬಹುದು. ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿಯೂ ತೆಗೆದುಕೊಳ್ಳಬಹುದು. ತಮಿಳುನಾಡು ಲೋಕಸೇವಾ ಆಯೋಗದ ನೇಮಕಗಳಿಗೆ 2021ರ ಡಿಸೆಂಬರಿನ ಸರ್ಕಾರಿ ಆದೇಶದಂತೆ ತಮಿಳು ಪತ್ರಿಕೆಯಲ್ಲಿ ಕನಿಷ್ಠ ಶೇಕಡಾ 40 ಅಂಕ ಕಡ್ಡಾಯವಾಗಿದೆ. ಕರ್ನಾಟಕದ ನ್ಯಾಯಾಂಗ ಸೇವೆಗೆ ಕನ್ನಡ ಬೇಕು. ಎರಡೂ ಭಾಷೆಗಳಲ್ಲಿ ಬರೆಯಬಲ್ಲವರು ಎರಡೂ ರಾಜ್ಯಗಳ ಕಡೆ ನೋಡಬಹುದು. ಯಾವುದನ್ನೂ ಬರೆಯಲಾರದವರಿಗೆ ಎರಡೂ ಕಡೆ ಬಾಗಿಲು ಮುಚ್ಚಿರುತ್ತದೆ.

ಮನೆಯಲ್ಲಿ ಮಾಡಬೇಕಾದುದು

ತಮಿಳುನಾಡಿನ ಶಾಲೆಗಳಲ್ಲಿ ತಮಿಳನ್ನು ಕಡ್ಡಾಯಗೊಳಿಸಿದ ಕಾಯಿದೆ 2006ರಲ್ಲಿ ಬಂದ ಮೇಲೆ, ಕನ್ನಡವನ್ನು ಪಾಠವಾಗಿ ಕಲಿಯುವ ಅವಕಾಶ ನಗರದ ಬಹುಪಾಲು ಮಕ್ಕಳಿಗೆ ಇನ್ನಷ್ಟು ಕಡಿಮೆಯಾಗಿದೆ. ಆದುದರಿಂದ ಅಕ್ಷರಾಭ್ಯಾಸದ ಹೊಣೆ ಮನೆಯ ಮೇಲೆ ಬೀಳುತ್ತದೆ. ಇದಕ್ಕೆ ದೊಡ್ಡ ಸಿದ್ಧತೆ ಬೇಕಿಲ್ಲ. ತಮಿಳು ಲಿಪಿ ಕಲಿತ ಮಗುವಿಗೆ ಕನ್ನಡದ ಅಕ್ಷರಮಾಲೆಯ ಕ್ರಮ ಅಪರಿಚಿತವಲ್ಲ. ತಮಿಳಿನಲ್ಲಿಲ್ಲದ ಮಹಾಪ್ರಾಣಗಳನ್ನೂ ಒತ್ತಕ್ಷರಗಳನ್ನೂ ತಾಳ್ಮೆಯಿಂದ ಹೇಳಿಕೊಟ್ಟರೆ ಒಂದು ಬೇಸಗೆ ರಜೆಯಲ್ಲಿ ಓದು ಹಿಡಿತಕ್ಕೆ ಬರುತ್ತದೆ. ಅಜ್ಜ ಅಜ್ಜಿಯರಿರುವ ಮನೆಗಳಲ್ಲಿ ವಾರಕ್ಕೊಂದು ಪತ್ರವನ್ನು ಕನ್ನಡದಲ್ಲಿ ಬರೆಯಿಸುವುದು, ಹಳೆಯ ಆಸ್ತಿಪತ್ರವನ್ನೋ ಲಗ್ನಪತ್ರಿಕೆಯನ್ನೋ ಜೊತೆಗೆ ಕುಳಿತು ಓದುವುದು, ದಿನಕ್ಕೊಂದು ಪುಟ ಕನ್ನಡ ಪತ್ರಿಕೆ ಓದಿಸುವುದು ಇವೆಲ್ಲ ಸುಲಭ ಉಪಾಯಗಳು.

ಕಾಲೇಜಿಗೆ ಸೇರುವ ವಯಸ್ಸಿನವರು ಪ್ರವೇಶದ ನಿಯಮ, ದಿನಾಂಕ, ಶುಲ್ಕಗಳನ್ನು ಆಯಾ ಸಂಸ್ಥೆಯ ಆ ವರ್ಷದ ಪ್ರಕಟಣೆಯಲ್ಲಿಯೇ ಪರಿಶೀಲಿಸಬೇಕೆಂದು ಕೋರುತ್ತೇವೆ. ಕಾನೂನು ಅಥವಾ ಮಾನವಿಕ ವಿಷಯಗಳಲ್ಲಿ ಈಗಾಗಲೇ ಪದವಿ ಪಡೆದು ವೃತ್ತಿಯಲ್ಲಿರುವ ನಮ್ಮ ಬಾಂಧವರು ಕಿರಿಯರಿಗೆ ಒಂದಿಷ್ಟು ಸಮಯ ಕೊಟ್ಟರೆ, ಯಾವ ಪ್ರಕಟಣೆಯೂ ಹೇಳಲಾಗದ ವಿವರಗಳು ಅವರಿಗೆ ದೊರೆಯುತ್ತವೆ. ನೂರು ವರ್ಷಗಳ ಹಿಂದೆ ಮಂಗಳೂರಿನಿಂದಲೂ ಮೈಸೂರಿನಿಂದಲೂ ಮದ್ರಾಸಿಗೆ ಓದಲು ಬಂದವರಿಗೆ ಕನ್ನಡದ ಅಕ್ಷರವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಅದು ಅವರ ಜೊತೆಗೇ ಬಂದಿತ್ತು. ಇಲ್ಲಿಯೇ ಹುಟ್ಟಿದ ನಮ್ಮ ಮಕ್ಕಳಿಗೆ ಅದನ್ನು ಕೊಡಬೇಕಾದವರು ನಾವು.